ಮೂರು ಹೆಸರು ಅಂಟಿಸಿದ ಬೆಳಿಗ್ಗೆ

ಲಾರಿ ಹೊರಡುವ ಮುಂಚೆ ಅದರ ಮೈಮೇಲೆ ಕೈಯಿಟ್ಟು ಪ್ರಾರ್ಥಿಸುವ ರೂಢಿಯನ್ನು ಟಾಲ್ಬಿನ್ ಊರಿನ ಕಾರ್ಖಾನೆಯಲ್ಲಿ ಯಾರು ಶುರು ಮಾಡಿದರೋ ಈಗ ಯಾರಿಗೂ ನೆನಪಿಲ್ಲ. ಹೆಂಗಸರು ಮಾತ್ರ ಅದನ್ನು ಒಂದು ಸಲವೂ ತಪ್ಪಿಸಿದವರಲ್ಲ. ಪೆಟ್ಟಿಗೆ ತುಂಬಿ ಬಾಗಿಲು ಜಡಿದ ಮೇಲೆ, ತಲೆಗೆ ಬಲೆ ಕಟ್ಟಿಕೊಂಡವರೆಲ್ಲ ಯಂತ್ರ ನಿಲ್ಲಿಸಿ ಹೊರಗೆ ಬರುತ್ತಿದ್ದರು. ಅಮೆರಿಕದ ಜಾರ್ಜಿಯಾ ರಾಜ್ಯದ ಬಿಸಿಲಿಗೆ ಕಾದ ತಗಡಿಗೆ ಅಂಗೈ ಒತ್ತಿ ಎರಡೂ ಬದಿಗೆ ನಿಲ್ಲುತ್ತಿದ್ದರು. ಪ್ರಾರ್ಥನೆ ಹೇಳುವುದು ವಿಲ್ಮಾಜೀನ್‌ಳ ಹಕ್ಕು. ಅವಳು ಸಮುದ್ರ, ಹಡಗು, ಆ ಕಡೆಯ ಕೆಸರು ದಾರಿ, ಕೊನೆಗೆ ಲಾರಿಯ ಟೈರನ್ನೂ ದೇವರ ಕೈಗೆ ಒಪ್ಪಿಸದೆ ಬಿಡುತ್ತಿರಲಿಲ್ಲ. ಡ್ರೈವರುಗಳು ಗಡಿಯಾರ ನೋಡಿಕೊಂಡು ಗೊಣಗುತ್ತಿದ್ದರು, ಆದರೆ ಪ್ರಾರ್ಥನೆಯಾಗದ ಲಾರಿಯನ್ನು ಓಡಿಸಲು ಅವರಿಗೂ ಧೈರ್ಯವಿರಲಿಲ್ಲ.

ಆ ಕಾರ್ಖಾನೆಯ ಮ್ಯಾನೇಜರು ಅರ್ಡೆಲಾ ರೌಂಡ್‌ಟ್ರೀ. ಹದಿನೆಂಟನೆಯ ವಯಸ್ಸಿಗೆ ಕಡಲೆಕಾಯಿ ಸಿಪ್ಪೆ ಗುಡಿಸಲು ಬಂದವಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಈಗ ಗಾಜಿನ ಕೋಣೆಯಲ್ಲಿ ಕೂರುತ್ತಿದ್ದಳು. ಕಪ್ಪು ಹೆಂಗಸೊಬ್ಬಳು ಆ ಕೋಣೆಯಲ್ಲಿ ಕೂತಿದ್ದನ್ನು ಊರು ಒಪ್ಪಿಕೊಳ್ಳಲು ಕೆಲವು ವರ್ಷ ಹಿಡಿಯಿತು. ಅವಳು ಅಷ್ಟು ಹೊತ್ತು ಕಾಯಲಿಲ್ಲ, ಕೂತು ಕೆಲಸ ಮಾಡಿದಳು.

ಅಲ್ಲಿ ತಯಾರಾಗುತ್ತಿದ್ದುದು ಹಸಿವಿನಿಂದ ಸೊರಗಿದ ಮಕ್ಕಳಿಗೆ ಕೊಡುವ ಕಡಲೆಕಾಯಿ ಲೇಹ್ಯ. ಹುರಿದ ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಎಲ್ಲ ಸೇರಿಸಿ ಅರೆದು ಅಂಗೈಯಗಲದ ಪೊಟ್ಟಣಕ್ಕೆ ತುಂಬುತ್ತಿದ್ದರು. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ, ಮೂಲೆ ಹರಿದು ಮಗುವಿನ ಬಾಯಿಗಿಟ್ಟರೆ ಚೀಪುತ್ತದೆ. ಅಮೆರಿಕದ ಸರ್ಕಾರ ಕೊಂಡು ಆಫ್ರಿಕಾಕ್ಕೆ ಕಳಿಸುತ್ತಿತ್ತು. ಒಂದು ಪೆಟ್ಟಿಗೆ ಎಂದರೆ ಒಂದು ಮಗು ಎಂದು ಅರ್ಡೆಲಾಗೆ ಹೇಳಿಕೊಟ್ಟವಳು ಅಚೋಲ್. ದಕ್ಷಿಣ ಸೂಡಾನಿನ ಒಂದು ಸಣ್ಣ ಆಸ್ಪತ್ರೆಯ ನರ್ಸು. ಯಾವುದೋ ಸಭೆಗೆಂದು ಅಮೆರಿಕಕ್ಕೆ ಬಂದವಳು, ಈ ಪೊಟ್ಟಣ ಎಲ್ಲಿ ಹುಟ್ಟುತ್ತದೆಂದು ನೋಡಬೇಕೆಂದು ಹಟ ಹಿಡಿದು ಟಾಲ್ಬಿನ್‌ಗೂ ಬಂದಿದ್ದಳು. ಸಾಲಾಗಿ ಬರುತ್ತಿದ್ದ ಪೆಟ್ಟಿಗೆಗಳ ಮುಂದೆ ನಿಂತು, ಆರು ವಾರ ಒಂದು ಪೆಟ್ಟಿಗೆ ತಿಂದರೆ ಮಗು ಎದ್ದು ನಡೆಯುತ್ತದೆ, ಅರ್ಧ ಪೆಟ್ಟಿಗೆಗೆ ಅರ್ಧ ಮಗು ಏಳುವುದಿಲ್ಲ ಎಂದಿದ್ದಳು. ಅಂದಿನಿಂದ ಪೆಟ್ಟಿಗೆಗಳು ಆಸ್ಪತ್ರೆ ತಲುಪಿದಾಗಲೆಲ್ಲ ಅವಳು ಅರ್ಡೆಲಾಳ ಫೋನಿಗೆ ಧ್ವನಿ ಸಂದೇಶ ಕಳಿಸುತ್ತಿದ್ದಳು. ಹಿಂದೆ ಮಕ್ಕಳ ಗಲಾಟೆ, ಕೋಳಿಗಳ ಕೂಗು ಕೇಳುತ್ತಿತ್ತು. ಅರ್ಡೆಲಾ ಅದನ್ನು ಊಟದ ಕೋಣೆಯಲ್ಲಿ ಎಲ್ಲರಿಗೂ ಕೇಳಿಸುತ್ತಿದ್ದಳು.

ಚಳಿಗಾಲದಲ್ಲಿ ಹೊಸ ಸರ್ಕಾರ ಬಂತು. ಹೊರದೇಶದ ನೆರವೆಲ್ಲ ನಿಲ್ಲಬೇಕೆಂದು ರಾಜಧಾನಿಯಿಂದ ಆದೇಶ ಹೊರಟಿತು. ಸಂಸತ್ತು ಹಣ ಮಂಜೂರು ಮಾಡಿಯಾಗಿತ್ತು, ಲೇಹ್ಯ ತಯಾರಾಗಿತ್ತು, ಪೆಟ್ಟಿಗೆಗಳ ಮೇಲೆ 'ಅಮೆರಿಕದ ಜನರ ಕೊಡುಗೆ' ಎಂಬ ಮುದ್ರೆ ಬಿದ್ದಿತ್ತು. ಆ ಮುದ್ರೆಯೇ ಕೊರಳಿಗೆ ಉರುಳಾಯಿತು. ಮುದ್ರೆ ಬಿದ್ದ ಮೇಲೆ ಅದು ಸರ್ಕಾರದ ಸೊತ್ತು. ಸರ್ಕಾರ ತಾನೂ ಒಯ್ಯುವುದಿಲ್ಲ, ಬೇರೆಯವರು ಮುಟ್ಟಲೂ ಬಿಡುವುದಿಲ್ಲ. ಕೊಡುಗೆ ಕೊಟ್ಟ ಅಮೆರಿಕದ ಜನರಲ್ಲಿ ಒಬ್ಬಳಾದ ಅರ್ಡೆಲಾ ಚರ್ಚಿನ ಕಡೆಯಿಂದ ಕಳಿಸುತ್ತೇನೆಂದು ಬರೆದು ಕೇಳಿದಳು. ಕೈಯಿಟ್ಟರೆ ಕಳ್ಳತನದ ಕೇಸು ಎಂಬ ಉತ್ತರ ಬಂತು. ಗೋದಾಮಿನಲ್ಲಿ ಪೆಟ್ಟಿಗೆಗಳು ಸೂರಿಗೆ ಮುಟ್ಟುವಂತೆ ನಿಂತವು. ಪ್ರತಿಯೊಂದರ ಮೇಲೂ ಕೆಡುವ ತಾರೀಕು ಅಚ್ಚಾಗಿತ್ತು.

ಟಾಲ್ಬಿನ್ ಕಾರ್ಖಾನೆಯೂ ಉತ್ತರದ ರಾಜ್ಯವೊಂದರಲ್ಲಿ ಇಂಥದೇ ಲೇಹ್ಯ ಮಾಡುವ ಇನ್ನೊಂದು ಕಾರ್ಖಾನೆಯೂ ಸೇರಿ ಸರ್ಕಾರದ ಮೇಲೆ ದಾವೆ ಹೂಡಿದವು. ಕೆಳಗಿನ ಕೋರ್ಟಿನ ನ್ಯಾಯಾಧೀಶೆ, ಸಂಸತ್ತು ಕೊಟ್ಟ ಹಣವನ್ನು ಸರ್ಕಾರ ತಡೆಯುವ ಹಾಗಿಲ್ಲ, ಪೆಟ್ಟಿಗೆ ಕಳಿಸಿ ಎಂದು ತೀರ್ಪಿತ್ತಳು. ಆ ದಿನ ಊಟದ ಕೋಣೆಯಲ್ಲಿ ಹೆಂಗಸರು ಹಾಡಿದರು. ಸಂಜೆಯ ಟೀವಿಯಲ್ಲಿ ಅವಳ ಹೆಸರಿನ ಹಿಂದೆಯೇ, ಅವಳನ್ನು ನೇಮಿಸಿದ್ದು ಎದುರು ಪಕ್ಷವಾದ ಡೆಮಾಕ್ರಟ್‌ನ ಹಿಂದಿನ ಅಧ್ಯಕ್ಷರು ಎಂದು ಸೇರಿಸಿದರು. ಈ ದೇಶದಲ್ಲಿ ಈಗ ನ್ಯಾಯಾಧೀಶರ ಹೆಸರನ್ನು ಹಾಗೆಯೇ ಹೇಳುವುದು, ನಮ್ಮಲ್ಲಿ ಹೆಸರು ಕೇಳಿದ ಮೇಲೆ ಜಾತಿ ಕೇಳುವ ಹಾಗೆ. ಅದು ಗೊತ್ತಾದರೆ ತೀರ್ಪು ಓದುವ ಶ್ರಮ ಯಾರಿಗೂ ಇಲ್ಲ. ಸರ್ಕಾರ ಮೇಲ್ಮನವಿ ಹಾಕಿ ತೀರ್ಪಿಗೆ ತಡೆ ತಂದಿತು. ಪೆಟ್ಟಿಗೆಗಳು ಇದ್ದಲ್ಲೇ ಉಳಿದವು.

ಕಾರ್ಖಾನೆಯ ಮಾಲೀಕ ಹಾರ್ಮನ್ ಟಿಲ್ಲರಿ ಎಂಬ ಮುದುಕ. ತಾತನ ಕಾಲದಿಂದ ಕಡಲೆಕಾಯಿಯ ಮನೆತನ. ಹೊಸ ಸರ್ಕಾರಕ್ಕೆ ಓಟು ಹಾಕಿದ್ದಲ್ಲದೆ ಗೇಟಿನ ಮುಂದೆ ಅದರ ಬೋರ್ಡನ್ನೂ ನೆಟ್ಟಿದ್ದ. ಮಾಲು ನಿಂತ ಮೇಲೆ ಒಂದು ಬೆಳಿಗ್ಗೆ ತಾನೇ ಬಂದು ಆ ಬೋರ್ಡು ಕಿತ್ತು ಜೀಪಿನ ಹಿಂದೆ ಎಸೆದ. ಅರ್ಡೆಲಾ ಗಾಜಿನಾಚೆಯಿಂದ ನೋಡಿದಳು. ಅವನೂ ಅವಳು ನೋಡಿದ್ದನ್ನು ನೋಡಿದ. ಆ ವಿಷಯ ಇಬ್ಬರೂ ಎತ್ತಲಿಲ್ಲ. ನಲವತ್ತು ವರ್ಷದ ಒಡನಾಟ ಹಾಗೆ ಎಷ್ಟೋ ಮಾತನ್ನು ಎತ್ತದೆಯೇ ಉಳಿದುಕೊಂಡು ಬಂದಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಸರ್ಕಾರದ ವಕೀಲರಿಂದ ರಾಜಿಯ ಮಾತು ಬಂತು. ದಾವೆಯಿಂದ ಹೆಸರು ಹಿಂತೆಗೆದುಕೊಂಡರೆ ಕಾರ್ಖಾನೆಯ ಕೆಲಸಗಾರರ ಸಂಬಳವನ್ನೂ ಆಸ್ಪತ್ರೆ ವಿಮೆಯನ್ನೂ ವರ್ಷದ ಕೊನೆಯವರೆಗೆ ನಡೆಸುವಷ್ಟು ಪರಿಹಾರ ಕೊಡುತ್ತಾರೆ. ಪೆಟ್ಟಿಗೆಗಳನ್ನು ಮಾತ್ರ ದೇಶದೊಳಗೇ ಹಂದಿ ಮೇವಿಗೆ ವಿಲೇವಾರಿ ಮಾಡಬೇಕು. ಮೇಲ್ಮನವಿ ಕೇಳುವ ನ್ಯಾಯಾಧೀಶರು ಪೀಠಕ್ಕೆ ಬಂದು ಕೂರುವ ಗಳಿಗೆಯವರೆಗೆ ಈ ಮಾತು ಊರ್ಜಿತ, ಆಮೇಲೆ ಇಲ್ಲ.

ವಿಮೆ ಎಂದರೆ ಏನೆಂದು ಅರ್ಡೆಲಾಗೆ ಬಿಡಿಸಿ ಹೇಳಬೇಕಿರಲಿಲ್ಲ. ವಿಲ್ಮಾಜೀನ್‌ಳ ಗಂಡ ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳುತ್ತಿದ್ದ, ಅದು ನಡೆಯುತ್ತಿದ್ದುದು ಹೆಂಡತಿಯ ಕೆಲಸದ ವಿಮೆಯಿಂದ. ತಿಂಗಳ ಕೊನೆಗೆ ಕಾರ್ಖಾನೆ ಬಾಗಿಲು ಹಾಕಿದರೆ ವಿಮೆ ಹೋಗುತ್ತದೆ. ಅವನೊಬ್ಬನೇ ಅಲ್ಲ, ಇನ್ನೂ ಹಲವರಿದ್ದರು. ಹಾರ್ಮನ್ ತನ್ನ ಕೈಯಿಂದ ಹಾಕಿ ನಡೆಸಿದ್ದಷ್ಟೂ ನಡೆಸಿಯಾಗಿತ್ತು. ಅವನ ಎದೆಗೆ ಆಗತಾನೆ ಆಪರೇಷನ್ ಆಗಿ ಮನೆ ಬಿಟ್ಟು ಹೊರಡುವ ಹಾಗಿರಲಿಲ್ಲ. ವಿಚಾರಣೆಗೆ ನೀನೇ ಹೋಗು, ಅಲ್ಲಿನ ಗಾಳಿ ನೋಡಿ ತೀರ್ಮಾನ ಮಾಡು, ನನ್ನ ಪರವಾಗಿ ಸಹಿ ಮಾಡುವ ಹಕ್ಕನ್ನು ಬರೆದುಕೊಡುತ್ತೇನೆ ಎಂದ.

ಮೇಲ್ಮನವಿ ಕೇಳುವ ಆ ಕೋರ್ಟಿನಲ್ಲಿ ಒಂದು ಕಟ್ಟಳೆ. ನ್ಯಾಯಾಧೀಶರು ಹಲವರಿದ್ದಾರೆ, ಒಂದೊಂದು ಮೊಕದ್ದಮೆಗೆ ಮೂವರು ಕೂರುತ್ತಾರೆ. ಯಾವ ಮೂವರು ಎಂಬುದನ್ನು ವಿಚಾರಣೆಯ ಬೆಳಿಗ್ಗೆಯವರೆಗೂ ಬಾಯಿಬಿಡುವುದಿಲ್ಲ. ಬೆಳಿಗ್ಗೆ ಗುಮಾಸ್ತನೊಬ್ಬ ಬಂದು ಬಾಗಿಲ ಪಕ್ಕದ ಫಲಕಕ್ಕೆ ಹೆಸರುಗಳ ಹಾಳೆ ಅಂಟಿಸಿ ಹೋಗುತ್ತಾನೆ. ವಕೀಲರು ಮುಂಚಿತವಾಗಿ ನ್ಯಾಯಾಧೀಶರನ್ನು ಅಳೆದು ತೂಗದಿರಲಿ ಎಂದು ಹಿಂದಿನವರು ಮಾಡಿದ ಏರ್ಪಾಡು. ಪರಿಣಾಮ ಇಷ್ಟೇ, ಅಳತೆ ತೂಕವೆಲ್ಲ ಅರ್ಧ ಗಂಟೆಯಲ್ಲಿ ನಿಂತ ಕಾಲ ಮೇಲೆ ಮುಗಿಯುತ್ತದೆ.

ಆ ಬೆಳಿಗ್ಗೆ ಫಲಕದ ಮುಂದೆ ಜನ ಮುತ್ತಿಕೊಂಡಿದ್ದರು. ಟಾಲ್ಬಿನ್ ಕಾರ್ಖಾನೆಯ ವಕೀಲ ಕ್ಲೆಮೆಂಟ್ ವಾಸ್ ಎತ್ತರದ ಆಳು, ಹಿಂದಿನಿಂದಲೇ ಕತ್ತು ಚಾಚಿ ಓದಿಕೊಂಡು ಬಂದ. ಅವನ ಮುಖ ನೋಡಿದಾಗಲೇ ಅರ್ಡೆಲಾಗೆ ಅರ್ಥವಾಯಿತು. ಒಬ್ಬಾಕೆ ನಮ್ಮ ಕಡೆ, ಇಬ್ಬರು ಅವರ ಕಡೆ ಎಂದ. ಆ ಇಬ್ಬರಲ್ಲಿ ಒಬ್ಬನ ಬಗ್ಗೆ ಮಾತೇ ಬೇಕಿರಲಿಲ್ಲ, ಅವನು ಇದೇ ಸರ್ಕಾರ ಕೂರಿಸಿದ ಹುಡುಗ. ಇನ್ನೊಬ್ಬ ಗಿಡಿಯನ್ ಹ್ಯಾಲ್‌ಬ್ರೂಕ್, ಈ ಸರ್ಕಾರದ್ದೇ ಪಕ್ಷದ, ಹಿಂದಿನ ಒಬ್ಬ ರಿಪಬ್ಲಿಕನ್ ಅಧ್ಯಕ್ಷ ನೇಮಿಸಿದ ಮುದುಕ. ಚುನಾವಣೆ ಕೇಸುಗಳಲ್ಲಿ, ಗಡಿಯ ಕೇಸುಗಳಲ್ಲಿ ಪ್ರತಿ ಸಲವೂ ಆ ಕಡೆಗೇ ನಿಂತವನು.

"ಏನಾಗಬಹುದು, ನಿಜ ಹೇಳಿ," ಎಂದು ಅರ್ಡೆಲಾ ಕೇಳಿದಳು.

"ಎಣಿಸೋಕೆ ಬಂದ್ರೆ ಸಾಕು, ಮಿಸ್ ಅರ್ಡೆಲಾ. ಎರಡಕ್ಕೆ ಒಂದು. ನಾನು ವಾದ ಚೆನ್ನಾಗೇ ಮಾಡ್ತೀನಿ. ಅದು ಗೋಡೆಗೆ ಹೇಳಿದ ಹಾಗೆ ಆಗುತ್ತೆ."

ಉತ್ತರದ ಕಾರ್ಖಾನೆಯ ಒಡತಿ ಫ್ರೀಡಾ ಮಕ್‌ನಾಲಿ ಕಿಟಕಿಯ ಕೆಳಗೆ ಕೂತು ಕಾಗದದ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು. ಇದೇ ರಾಜಿಯ ಮಾತು ಅವಳಿಗೂ ಬಂದಿತ್ತು. ಏನು ಮಾಡುತ್ತೀರಿ ಎಂದು ಅರ್ಡೆಲಾ ಹೋಗಿ ಕೇಳಿದಳು. ಫ್ರೀಡಾ ಹಾಳೆಯ ಕಡೆ ತಿರುಗಿಯೂ ನೋಡಿರಲಿಲ್ಲ.

"ನಾನು ಇರ್ತೀನಿ. ಧೈರ್ಯ ಅಂತ ತಿಳೀಬೇಡಿ. ನಮ್ಮ ಜನರನ್ನೆಲ್ಲ ಏಪ್ರಿಲ್‌ನಲ್ಲೇ ಮನೆಗೆ ಕಳಿಸಿಬಿಟ್ಟೆ. ಸಂಬಳ ಕೊಡಿಸ್ತೀನಿ ಅಂತ ಸಹಿ ಮಾಡೋಕೆ ನನ್ನ ಹತ್ರ ಯಾರೂ ಉಳಿದಿಲ್ಲ, ಪೆಟ್ಟಿಗೆಗಳಷ್ಟೇ ಇರೋದು," ಎಂದಳು.

ಅರ್ಡೆಲಾ ಹೊರಗಿನ ಮೆಟ್ಟಿಲಿಗೆ ಹೋಗಿ ಹಾರ್ಮನ್‌ಗೆ ಫೋನು ಮಾಡಿದಳು. ಹೆಸರುಗಳನ್ನು ಹೇಳಿದಳು. ಮುದುಕ ನಿಧಾನವಾಗಿ, ಹ್ಯಾಲ್‌ಬ್ರೂಕ್ ಹಳೇ ಕಾಲದ ಮನುಷ್ಯ, ಪುಸ್ತಕ ನೋಡಿ ಹೇಳುವವನು, ಒಂದು ಸಲ ನಂಬಿ ನೋಡಬಹುದು ಎಂದ.

ಇದನ್ನು ಕೇಳಿ ಅರ್ಡೆಲಾಗೆ ಸಿಟ್ಟು ಬಂತು. ಎಂಟು ತಿಂಗಳಿಂದ ನುಂಗಿಕೊಂಡಿದ್ದ ಸಿಟ್ಟು. ಅವಳ ಅಪ್ಪ ವಕೀಲರಿಲ್ಲದೆ ಜಿಲ್ಲೆಯ ಕೋರ್ಟಿಗೆ ಹೋಗಿ, ತನ್ನ ತಾತ ಬೆವರು ಹರಿಸಿದ ಹೊಲ ಕಳೆದುಕೊಂಡು ಬಂದ ಮಧ್ಯಾಹ್ನ ಅವಳಿಗೆ ನೆನಪಿತ್ತು. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಆ ನ್ಯಾಯಾಧೀಶನ ಮುಖ ನೋಡಿದಾಗಲೇ ಗೊತ್ತಾಯಿತು, ಬಾಯಿ ತೆರೆದದ್ದೇ ದಂಡ ಎಂದಿದ್ದ. ನಂಬಿ ನೋಡುವುದೆಂದರೆ ಏನೆಂದು ಹಾರ್ಮನ್‌ನಂಥವರಿಗೆ ಹೇಗೆ ಗೊತ್ತಾಗಬೇಕು.

"ಮಿಸ್ಟರ್ ಹಾರ್ಮನ್, ಒಂದು ಮಾತು ಕೇಳ್ತೀನಿ. ನಿಮ್ಮ ಕಡೆಯವರು ನೇಮಿಸಿದ ನ್ಯಾಯಾಧೀಶರಲ್ಲಿ, ಇಂಥ ದೊಡ್ಡ ಕೇಸಲ್ಲಿ ನಿಮ್ಮ ಕಡೆಯವರ ವಿರುದ್ಧ ಹೇಳಿದವರು ಯಾರಾದ್ರೂ ಒಬ್ಬರ ಹೆಸರು ಹೇಳಿ. ಒಬ್ಬರದು ಸಾಕು. ಹೇಳಿದ್ರೆ ನಾನು ಸಹಿ ಮಾಡಲ್ಲ."

ಮುದುಕ ಯೋಚಿಸಿದ. ಪಕ್ಕದಲ್ಲಿ ಅವನ ಹೆಂಡತಿ ಮಾತ್ರೆಯ ಹೊತ್ತಾಯಿತೆಂದು ಹೇಳಿದ್ದು ಕೇಳಿಸಿತು.

"ತಕ್ಷಣಕ್ಕೆ ಯಾರೂ ನೆನಪಿಗೆ ಬರ್ತಿಲ್ಲ, ಅರ್ಡೆಲಾ," ಎಂದ. ಮಾತ್ರೆ ನುಂಗಿ, "ನಿಮ್ಮ ಕಡೆಯವರಲ್ಲೂ ಬರ್ತಿಲ್ಲ," ಎಂದ.

ಅವಳು ಒಳಗೆ ಹೋದಳು. ವಿಲ್ಮಾಜೀನ್‌ಳ ಗಂಡನ ತೋಳಿನ ಮೇಲೆ ಸೂಜಿ ಚುಚ್ಚಿ ಚುಚ್ಚಿ ಎದ್ದ ಗಂಟು ಕಣ್ಣ ಮುಂದಿತ್ತು. ಅಚೋಲ್ ಹೇಳಿದ ಮಕ್ಕಳು ಅವಳ ಕಣ್ಣ ಮುಂದಿರಲಿಲ್ಲ ಎಂದಲ್ಲ, ಇದ್ದರು. ಆದರೆ ಅವರನ್ನು ಹೇಗೂ ಕಳೆದುಕೊಂಡಾಗಿದೆ, ಇವರನ್ನಾದರೂ ಉಳಿಸಿಕೊಳ್ಳೋಣ ಎಂದು ಮನಸ್ಸು ಲೆಕ್ಕ ಹಾಕಿ ಮುಗಿಸಿಬಿಟ್ಟಿತ್ತು. ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಕ್ಲೆಮೆಂಟ್ ವಾಸ್ ತನ್ನ ಚೀಲವನ್ನೇ ಮೇಜು ಮಾಡಿ ಕಾಗದ ಹಿಡಿದ, ಅವಳು ಸಹಿ ಮಾಡಿದಳು. ಸರ್ಕಾರದ ವಕೀಲೆ ಅದನ್ನು ತೆಗೆದುಕೊಂಡು ಬಹಳ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿದಳು.

ಊರಿಗೆ ವಾಪಸು ಹೋಗುವ ವಿಮಾನ ಸಂಜೆಗಿತ್ತು. ಬೇರೆ ಕೆಲಸವಿಲ್ಲದೆ ಅರ್ಡೆಲಾ ವಿಚಾರಣೆಯ ಕೋಣೆಯಲ್ಲೇ ಹಿಂದಿನ ಬೆಂಚಿನಲ್ಲಿ ಕೂತಳು. ಮೂವರು ಬಂದರು, ಎಲ್ಲರೂ ಎದ್ದು ನಿಂತು ಕೂತರು. ಹ್ಯಾಲ್‌ಬ್ರೂಕ್ ಸೊರಗಿದ ಮನುಷ್ಯ, ಕಿವಿಗೆ ಯಂತ್ರ ಇಟ್ಟುಕೊಂಡಿದ್ದ, ಅದನ್ನು ಆಗಾಗ ಬೆರಳಿಂದ ಸರಿಮಾಡಿಕೊಳ್ಳುತ್ತಿದ್ದ. ಬಹಳ ಹೊತ್ತು ಮಾತನಾಡಲಿಲ್ಲ. ನಿದ್ದೆ ಹೋಗಿದ್ದಾನೆಂದೇ ಅವಳು ತಿಳಿದಳು. ಸರ್ಕಾರದ ವಕೀಲೆ, ಹೊರದೇಶದ ಸಂಗತಿಯೆಲ್ಲ ಅಧ್ಯಕ್ಷರ ವಿವೇಚನೆಗೆ ಸೇರಿದ್ದು ಎಂದು ಹೇಳುತ್ತಿದ್ದಾಗ ಅವನು ಕೈಯೆತ್ತಿ ತಡೆದ.

"ಸಂಸತ್ತು ಕಡಲೆಕಾಯಿ ಕೊಳ್ಳಿ ಅಂತು, ಹಣ ಕೊಡ್ತು. ಸರ್ಕಾರ ಕೊಂಡುಕೊಳ್ತು. ಈಗ ಕಳಿಸಲ್ಲ ಅಂತೀರಿ. ಹಾಗಾದ್ರೆ ಸಂಸತ್ತು ಯಾಕಮ್ಮ ಬೇಕು? ಬಾಗಿಲು ಹಾಕಿಸಿಬಿಡೋಣವೇ?"

ಕೋಣೆಯಲ್ಲಿ ಯಾರೋ ನಕ್ಕರು. ಮುದುಕ ನಗಲಿಲ್ಲ. ಮತ್ತೆ ಕೇಳಿದ, ಮತ್ತೆ ಕೇಳಿದ, ವಕೀಲೆಯ ಉತ್ತರ ಜಾರಿದಾಗಲೆಲ್ಲ ಅದನ್ನು ಹಿಡಿದು ತಂದು ಮುಂದೆ ಕೂರಿಸಿದ. ಅರ್ಡೆಲಾ ಮುಂದಿನ ಬೆಂಚಿನ ಬೆನ್ನನ್ನು ಹಿಡಿದುಕೊಂಡಳು. ಮೊಕದ್ದಮೆ ಸರ್ಕಾರದ ಕಡೆಯಿಂದ ಕಾರ್ಖಾನೆಯ ಕಡೆಗೆ ವಾಲುವುದು ಅವಳಿಗೆ ಕಾಣುತ್ತಿತ್ತು, ಆದರೆ ಅವಳ ಹೆಸರು ಈಗ ಆ ಮೊಕದ್ದಮೆಯಲ್ಲಿ ಇರಲಿಲ್ಲ. ಇವನೂ ಸರ್ಕಾರದ ಪರವೇ ಹೇಳಲಿ ಎಂದು ಒಂದು ಗಳಿಗೆ ಅವಳ ಮನಸ್ಸು ಬೇಡಿತು. ಬೇಡಿದ್ದು ಗೊತ್ತಾಗಿ ನಾಚಿಕೆಯಾಯಿತು. ಪಕ್ಕದಲ್ಲೇ ಕೂತಿದ್ದ ವಾಸ್ ಅವಳ ಕಡೆ ತಿರುಗಲೇ ಇಲ್ಲ.

ತೀರ್ಪು ಬಂದದ್ದು ಸೆಪ್ಟೆಂಬರಿನಲ್ಲಿ. ಎರಡಕ್ಕೆ ಒಂದು, ಬರೆದವನು ಹ್ಯಾಲ್‌ಬ್ರೂಕ್. ದಾವೆಯಲ್ಲಿ ಇರುವವರ ಮಾಲನ್ನು ಸರ್ಕಾರ ಈ ಕೂಡಲೇ ಹಡಗಿಗೆ ಹಾಕಬೇಕು. ದಾವೆಯಲ್ಲಿ ಇಲ್ಲದವರಿಗೆ ಇದು ಅನ್ವಯಿಸುವುದಿಲ್ಲ, ಯಾರು ಬಂದು ಕೇಳಿದರೋ ಅವರಿಗಷ್ಟೇ ಕೋರ್ಟು ಕೊಡಬಲ್ಲದು ಎಂದೂ ಅವನೇ ಬರೆದಿದ್ದ. ಮುದುಕ ನಿಜಕ್ಕೂ ಪುಸ್ತಕ ನೋಡಿ ಹೇಳುವವನೇ ಆಗಿದ್ದ, ಎರಡೂ ಕಡೆಗೆ.

ಅರ್ಡೆಲಾ ವಾಸ್‌ಗೆ ಫೋನು ಮಾಡಿ ಮತ್ತೆ ಸೇರಲು ದಾರಿಯುಂಟೇ ಎಂದು ಕೇಳಿದಳು. ಇಲ್ಲ ಎಂದ. ಹೊಸ ದಾವೆ ಹೂಡಿದರೆ? ರಾಜಿಯಲ್ಲಿ ಅದನ್ನೂ ಬಿಟ್ಟುಕೊಟ್ಟು ಸಹಿ ಮಾಡಿದ್ದೀರಿ ಎಂದ. ಅವಳು ಫ್ರೀಡಾಗೆ ಫೋನು ಮಾಡಿ, ನಮ್ಮ ಪೆಟ್ಟಿಗೆಗಳನ್ನು ನಿಮ್ಮ ಲಾರಿಗಳಲ್ಲಿ ಸೇರಿಸಿಕೊಳ್ಳುತ್ತೀರಾ ಎಂದು ಕೂಡ ಕೇಳಿದಳು. ಇಂಥ ಮಾತು ಕೇಳುವ ಹೆಂಗಸಲ್ಲ ಅವಳು. ಫ್ರೀಡಾ, ಸೇರಿಸಿಕೊಳ್ಳುತ್ತಿದ್ದೆ, ಆದರೆ ಬಂದರಿನಲ್ಲಿ ಒಂದೊಂದು ಪೆಟ್ಟಿಗೆಯ ಮೇಲಿನ ಕಾರ್ಖಾನೆಯ ಗುರುತು ನೋಡಿ ಬಿಡುತ್ತಿದ್ದಾರೆ, ನನ್ನದೂ ನಿಲ್ಲುತ್ತದೆ ಎಂದಳು. ಫೋನಿಡುವ ಮುಂಚೆ, ಏನೂ ಅಂದುಕೊಳ್ಳಬೇಡಿ, ನಾನೇನೂ ಬುದ್ಧಿವಂತೆಯಾಗಿ ಉಳಿದವಳಲ್ಲ ಎಂದಳು. ಅರ್ಡೆಲಾಗೆ ಅದು ಗೊತ್ತಿತ್ತು. ಗೊತ್ತಿದ್ದದ್ದರಿಂದ ಸಮಾಧಾನವೇನೂ ಆಗಲಿಲ್ಲ.

ಫ್ರೀಡಾ ಕೆಲಸದಿಂದ ತೆಗೆದವರನ್ನೆಲ್ಲ ಮತ್ತೆ ಕರೆಸಿ ಹಗಲು ರಾತ್ರಿ ಲಾರಿ ತುಂಬಿಸಿದಳು. ಹಡಗು ಹೊರಟ ವಾರದೊಳಗೆ ಎಲ್ಲಕ್ಕಿಂತ ಮೇಲಿನ ಕೋರ್ಟು ಹ್ಯಾಲ್‌ಬ್ರೂಕ್‌ನ ತೀರ್ಪಿಗೆ ತಡೆ ಕೊಟ್ಟಿತು. ಆ ಪೀಠದಲ್ಲಿ ಯಾರು ಯಾವ ಕಡೆ ನಿಲ್ಲುತ್ತಾರೆಂದು ಎಲ್ಲರೂ ಎಣಿಸಿದ್ದರೋ ಸರಿಯಾಗಿ ಹಾಗೇ ನಿಂತರು, ಒಬ್ಬರೂ ಆಚೀಚೆ ಆಗಲಿಲ್ಲ. ಕಾರಣಗಳನ್ನು ಬರೆಯುವ ಗೋಜಿಗೂ ಹೋಗಲಿಲ್ಲ. ಆದರೆ ಸಮುದ್ರದ ನಡುವೆ ಇರುವ ಹಡಗನ್ನು ತಿರುಗಿ ಕರೆಯಲು ಅವರಿಂದಲೂ ಆಗಲಿಲ್ಲ.

ಟಾಲ್ಬಿನ್ ಮಟ್ಟಿಗೆ ಇದರಿಂದ ಅರ್ಡೆಲಾ ಜಾಣೆಯಾದಳು. ಕೊನೆಗೂ ಎಣಿಸಿದ ಹಾಗೇ ಆಯಿತಲ್ಲ ಎಂದರು. ಕಡಲೆಕಾಯಿ ಬೇಯಿಸಿ ಮಾರುವ ಅಂಗಡಿಯವನು ಅವಳ ಪೊಟ್ಟಣಕ್ಕೆ ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿ, ನೀವು ವಕೀಲೆ ಆಗಬೇಕಿತ್ತು ಎಂದ. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎಣಿಕೆ ತಪ್ಪಿದ್ದು ಒಂದೇ ಕಡೆ, ಆ ಎರಡು ತೀರ್ಪುಗಳ ನಡುವೆ. ಅಲ್ಲಿ ಕೆಲವು ದಿನ ಬಾಗಿಲು ತೆರೆದಿತ್ತು, ಅಷ್ಟರಲ್ಲಿ ಒಂದು ಹಡಗು ಹಾದುಹೋಗಿತ್ತು. ಆ ದಿನಗಳನ್ನು ಅವಳು ಒಂದು ಚೀಲದ ಮೇಲೆ ಕಾಗದವಿಟ್ಟು ಬರೆದುಕೊಟ್ಟಿದ್ದಳು.

ಭಾನುವಾರ ಚರ್ಚಿನಲ್ಲಿ ದೇವರ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ ವಿಲ್ಮಾಜೀನ್ ಎದ್ದು ನಿಂತಳು. ತನ್ನ ಗಂಡ ಇನ್ನೂ ಉಸಿರಾಡುತ್ತಿರುವುದು ಮೊದಲು ದೇವರ ದಯೆಯಿಂದ, ಆಮೇಲೆ ಅರ್ಡೆಲಾ ರೌಂಡ್‌ಟ್ರೀಯಿಂದ ಎಂದಳು. ಗಂಡ ಪಕ್ಕದಲ್ಲಿ ಕೂತು ಬೂದು ಬಣ್ಣಕ್ಕೆ ತಿರುಗಿದ ಮುಖದಲ್ಲಿ ನಕ್ಕ. ಜನ ಆಮೆನ್ ಎಂದು ಕೂಗಿದರು, ಬೀಸಣಿಗೆಗಳು ನಿಂತವು, ಎಲ್ಲರೂ ಅವಳ ಕಡೆ ತಿರುಗಿದರು. ಅರ್ಡೆಲಾ ತಲೆ ತಗ್ಗಿಸಿ ಕೂತಿದ್ದಳು. ವಿನಯ ಎಂದುಕೊಂಡರು. ಆ ಮನುಷ್ಯ ಬದುಕಿರುವುದು ಅವಳಿಗೆ ಬೇಕಿತ್ತು, ನಿಜವಾಗಿ ಬೇಕಿತ್ತು. ಆದರೂ ಆ ಹೊತ್ತಿನಲ್ಲಿ ಅವನ ಮುಖ ನೋಡುವುದು ಅವಳಿಂದ ಆಗಲಿಲ್ಲ.

ಅಕ್ಟೋಬರಿನ ಕೊನೆಗೆ ಹಂದಿ ಮೇವಿನ ವ್ಯಾಪಾರಿಯ ಲಾರಿಗಳು ಬಂದವು. ರಾಜಿಯ ಕರಾರಿನಂತೆ ಗೋದಾಮು ಖಾಲಿಯಾಗಬೇಕಿತ್ತು. ಹೊಸ ಕಡಲೆಕಾಯಿ ಅಗೆದು ಹೊಲಗಳಿಂದ ಮಣ್ಣಿನ ವಾಸನೆ ಬರುತ್ತಿತ್ತು. ಹಾರ್ಮನ್ ಕೋಲು ಹಿಡಿದು ಬಂದು ಜೀಪಿನಲ್ಲೇ ಕೂತಿದ್ದ, ಕೆಳಗಿಳಿಯಲಿಲ್ಲ. ಅರ್ಡೆಲಾ ಹತ್ತಿರ ಹೋದಾಗ ಅವನು ಅವಳ ಮುಖ ನೋಡದೆ ಗೋದಾಮಿನ ಕಡೆ ನೋಡುತ್ತಲೇ ಮಾತನಾಡಿದ.

"ಅವತ್ತು ನಾನು ಒತ್ತಿ ಹೇಳಬೇಕಿತ್ತು. ನನಗೇ ಅವನ ಮೇಲೆ ನಂಬಿಕೆ ಇರಲಿಲ್ಲ, ಅರ್ಡೆಲಾ. ನಂಬಬಹುದು ಅಂತ ಬಾಯಲ್ಲಿ ಅಂದೆ ಅಷ್ಟೇ. ನಮ್ಮವರು ಹೇಗೆ ಅಂತ ನಿನಗಿಂತ ನನಗೇ ಚೆನ್ನಾಗಿ ಗೊತ್ತಲ್ಲ."

ಅವನು ಇಂಥ ಮಾತು ಆಡಿದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು, ಈಗ ಅದರಿಂದ ಪ್ರಯೋಜನವಿರಲಿಲ್ಲ.

ಮೊದಲ ಲಾರಿ ತುಂಬಿತು. ಬಾಗಿಲು ಜಡಿದ ಸದ್ದು ಕೇಳಿದ್ದೇ ತಡ, ಯಾರೂ ಕರೆಯದೆಯೇ ಹೆಂಗಸರು ಹೊರಗೆ ಬಂದರು. ಅಭ್ಯಾಸದ ಬಲ. ಎರಡೂ ಬದಿಗೆ ನಿಂತು ತಗಡಿಗೆ ಅಂಗೈ ಇಟ್ಟ ಮೇಲೆಯೇ ಅವರಿಗೆ ಈ ಲಾರಿ ಎಲ್ಲಿಗೆ ಹೋಗುತ್ತದೆಂಬುದು ಹೊಳೆದದ್ದು. ಕೈ ತೆಗೆಯುವುದೋ ಬಿಡುವುದೋ ತಿಳಿಯದೆ ಹಾಗೇ ನಿಂತರು. ಹಿಂದಿನ ಸಾಲಿನಿಂದ ಒಬ್ಬಳು, ಹಂದಿಗಳಿಗೂ ಒಂದು ಪ್ರಾರ್ಥನೆ ಹೇಳಿಬಿಡು, ಅವುಗಳಿಗೂ ಹಸಿವಾಗುತ್ತದೆ ಎಂದಳು. ಒಂದಿಬ್ಬರು ನಕ್ಕರು, ನಕ್ಕದ್ದು ಅಲ್ಲೇ ಸತ್ತುಹೋಯಿತು. ವಿಲ್ಮಾಜೀನ್ ಕಣ್ಣು ಮುಚ್ಚಿದಳು, ಬಾಯಿ ತೆರೆದಳು. ಸಮುದ್ರವಿಲ್ಲ, ಹಡಗಿಲ್ಲ, ಕೆಸರು ದಾರಿಯಿಲ್ಲ, ಹೇಳಲು ಅವಳಿಗೆ ಏನೂ ಸಿಗಲಿಲ್ಲ. ಕೊನೆಗೆ ಮುಚ್ಚಿದ ಕಣ್ಣಲ್ಲೇ ಆಮೆನ್ ಎಂದಳು. ಎಲ್ಲರೂ ಆಮೆನ್ ಎಂದರು. ಲಾರಿ ಹೊರಟಿತು.

ಅರ್ಡೆಲಾ ಗಾಜಿನ ಕೋಣೆಗೆ ಬಂದು ಕೂತಾಗ ಫೋನಿನಲ್ಲಿ ಅಚೋಲ್‌ಳ ಸಂದೇಶವಿತ್ತು. ಬಹಳ ತಿಂಗಳ ಮೇಲೆ ಬಂದದ್ದು. ಇದನ್ನು ಊಟದ ಕೋಣೆಗೆ ಒಯ್ಯದೆ ಬಾಗಿಲು ಹಾಕಿಕೊಂಡು ಕೇಳಿದಳು. ಹಿಂದೆ ಅದೇ ಕೋಳಿಗಳು, ಆದರೆ ಮಕ್ಕಳ ಗಲಾಟೆ ಇರಲಿಲ್ಲ.

"ಮಿಸ್ ಅರ್ಡೆಲಾ, ಪೆಟ್ಟಿಗೆ ಬಂದ್ವು, ದೇವರು ದೊಡ್ಡವನು. ಎಲ್ಲದರ ಮೇಲೂ ಆ ಇನ್ನೊಂದು ಕಾರ್ಖಾನೆ ಹೆಸರಿದೆ, ನಿಮ್ಮದು ಒಂದೂ ಕಾಣಲಿಲ್ಲ. ಬಂದಿದ್ದು ಅರ್ಧ ಜನಕ್ಕೆ ಸಾಕಾಯ್ತು. ಉಳಿದ ತಾಯಂದಿರು ಮನೆಗೆ ಹೋಗಲ್ಲ ಅಂತ ಮರದ ಕೆಳಗೇ ಕೂತಿದ್ದಾರೆ. ಟಾಲ್ಬಿನ್ ಹೆಂಗಸರು ನನಗೆ ಗೊತ್ತು, ಅವರು ಯಾವತ್ತೂ ಕೈ ಬಿಟ್ಟವರಲ್ಲ, ಅವರ ಪೆಟ್ಟಿಗೆ ಮುಂದಿನ ಹಡಗಲ್ಲಿ ಬರ್ತಿದೆ ಅಂತ ಹೇಳಿ ಕೂರಿಸಿದ್ದೀನಿ. ಯಾವತ್ತು ಬರುತ್ತೆ ಅಂತ ಒಂದು ಮಾತು ಹೇಳಿ, ನಾನು ಅವರಿಗೆ ಹೇಳಬೇಕು."

ಹೊರಗೆ ಎರಡನೆಯ ಲಾರಿ ಗೋದಾಮಿನ ಬಾಯಿಗೆ ಹಿಂದಕ್ಕೆ ಬರುತ್ತಿತ್ತು. ಅರ್ಡೆಲಾ ಉತ್ತರ ಹೇಳಲು ಫೋನಿನ ಗುಂಡಿ ಒತ್ತಿ ಹಿಡಿದಳು. ಲಾರಿಯ ಸದ್ದು, ಪೆಟ್ಟಿಗೆಗಳನ್ನು ಎತ್ತಿ ಹಾಕುವ ಸದ್ದು ಎಲ್ಲ ಅದರಲ್ಲಿ ಸೇರಿಕೊಂಡಿತು. ಅವಳ ಬಾಯಿಂದ ಮಾತು ಹೊರಡಲಿಲ್ಲ. ಬೆರಳು ತೆಗೆದಾಗ ಸಂದೇಶ ತಾನಾಗಿ ಹೋಗಿಬಿಟ್ಟಿತು. ಸ್ವಲ್ಪ ಹೊತ್ತಿಗೆ ಅಚೋಲ್‌ಳ ಉತ್ತರ ಬಂತು. ಲಾರಿಗೆ ಪೆಟ್ಟಿಗೆ ತುಂಬುವ ಸದ್ದು ಕೇಳಿಸಿತು, ತಾಯಂದಿರಿಗೂ ಕೇಳಿಸಿದೆ ಎಂದಿದ್ದಳು.